ಚೈತ್ರದಲ್ಲಿ ಬಾಣಂತಿ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತೆ ಅನ್ನುವವರು ನಮ್ಮ ಆಫೀಸಿನ ಮೂರನೇ ಮಹಡಿಗೆ ಒಮ್ಮೆ ಬರಬೇಕು. ಹಾಗೆ ಓಡಿದ್ದು ಸೀದಾ ಬಂದು ನನ್ನ ನೆತ್ತಿಯ ಮೇಲಿನ ಏಸಿ ಕಿಂಡಿಯಲ್ಲಿ ಬಿಡಾರ ಹೂಡಿದೆ.

ಯುಗಾದಿ ಹೊತ್ತಿಗೆ ಬೆಂಗಳೂರಲ್ಲಿ ಬೆಳಗ್ಗೆ ಬಸ್ ಸ್ಟಾಪಿನವರೆಗೆ ತೆಳು ಕಾಟನ್ ಚೂಡಿದಾರ್ ಸಾಕು. ಹೊಂಗೆ ಹೂ ಉದುರಿರುತ್ತೆ, ಟಬೆಬುಯಾ ಕೆಳಗೆ ಸೆಲ್ಫಿಯವರ ಕಾಟ. ಮಧ್ಯಾಹ್ನ 34 ಡಿಗ್ರಿ. ಸಂಜೆಗೆ ಆಲಿಕಲ್ಲು ಬಿದ್ದರೂ ಬಿತ್ತು. ನಡುವೆ ಇಡೀ ದಿನ ಊಟಿ. ಹಾಗಾಗಿ ನನ್ನ ಡ್ರಾಯರಿನಲ್ಲಿ ಫೈಲುಗಳಿಗೆ ಜಾಗವಿಲ್ಲ. ಸ್ವೆಟರು, ಶಾಲು, ನಮ್ಮೆಜಮಾನರ ಉಣ್ಣೆ ಕಾಲುಚೀಲ ತುಂಬಿವೆ. ಇಷ್ಟನ್ನೂ ಏರಿಸಿಕೊಂಡು ಕೂತರೆ, ಸುಳ್ಳೇಕೆ, ಒಂಥರಾ ಸುಖ.

ಆ ಸುಖದಲ್ಲಿರುವಾಗಲೇ ಫೈರ್ ಡ್ರಿಲ್ ಗಂಟೆ ಹೊಡೆಯಿತು. ಇದ್ದಂತೆಯೇ ಇಳಿಯಬೇಕಂತೆ. ಉಣ್ಣೆ ಕಾಲುಚೀಲದ ಮೇಲೆ ಉಂಗುಷ್ಠದ ಚಪ್ಪಲಿ ಹತ್ತಲಿಲ್ಲ. ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದೆ. ಕಿವಿ ಮುಚ್ಚಿ ಶಾಲು ಸುತ್ತಿ, ಗದ್ದದ ಕೆಳಗೆ ಪಿನ್ ಹಾಕಿದ್ದೆ. ಹೊರಗೆ ನೆತ್ತಿ ಸುಡುವ ಬಿಸಿಲು. ಎಲ್ಲರೂ ಕರಗಿದ ಟಾರಿನ ಮೇಲೆ ಕಾಲು ಬದಲಿಸುತ್ತಿದ್ದರೆ ನಾನೊಬ್ಬಳೇ ನೆಮ್ಮದಿಯಾಗಿ ನಿಂತಿದ್ದೆ. ಉಣ್ಣೆ ಬಿಸಿಯನ್ನೂ ತಡೆಯುತ್ತೆ! ಬೆವರು ಮಾತ್ರ ಬೆನ್ನ ಮೇಲೆ ಹರಿಯುತ್ತಿತ್ತು. ಶಾಲು ತೆಗೆಯಬಹುದಿತ್ತು, ಇಷ್ಟು ಜನ ನೋಡಿದ ಮೇಲೆ ತೆಗೆದರೆ ಸೋತ ಹಾಗಲ್ಲವೇ? ಗೇಟಿನಾಚೆಯ ಎಳನೀರಿನವನಿಗೆ ಒಂದು ಕೆತ್ತಪ್ಪಾ ಅಂದೆ. ಮಚ್ಚು ಎತ್ತಿದವನು ನನ್ನ ಕಿವಿ ನೋಡಿದ, ಪಾದ ನೋಡಿದ, ಮಚ್ಚು ಇಳಿಸಿದ.

“ಬೇಡಕ್ಕ. ಬಾಣಂತೀರಿಗೆ ಎಳನೀರು ಶೀತ.”

ನನಗೆ ಐವತ್ತೆರಡು. ಅಕೌಂಟ್ಸಿನವರೆಲ್ಲ ಮಾರ್ಷಲ್‌ನ ತಲೆಯೆಣಿಕೆ ಕೆಡಿಸುವಷ್ಟು ನಕ್ಕರು. ‘ಮಗು ಹೆಂಗಿದೆ ಮೇಡಂ’ ಅಂತ ಇವತ್ತಿಗೂ ಕೇಳುತ್ತಾರೆ. ನಾನೂ ‘ಹಲ್ಲು ಬರ್ತಿದೆ’ ಅನ್ನುತ್ತೇನೆ.

ಆದರೆ ಕೋಟು ತೊಟ್ಟ ನಮ್ಮ ಸಾಹೇಬರು ‘ನಿಮಗೇ ಚಳಿ ಜಾಸ್ತಿ’ ಅಂದಾಗ ಉರಿಯುತ್ತದೆ. ಆಫೀಸುಗಳ ತಂಪಿನ ಲೆಕ್ಕ 1960ರ ದಶಕದ್ದು, ಅದರ ಬುಡದಲ್ಲಿರುವುದು 40 ವರ್ಷದ, 70 ಕೆ.ಜಿ. ತೂಕದ ಗಂಡಸಿನ ಮೈ ಎಂದು ಡಚ್ ವಿಜ್ಞಾನಿಗಳಿಬ್ಬರು 2015ರಲ್ಲೇ ಬರೆದಿದ್ದಾರೆ. ಮನೆಗೆ ಕೊಳ್ಳುವ ಸ್ಟಾರ್ ಗುರುತಿನ ಏಸಿ ಮೊದಲು 24 ಡಿಗ್ರಿಗೇ ಶುರುವಾಗಬೇಕೆಂದು 2020ರಿಂದ ಸರ್ಕಾರದ ನಿಯಮವೂ ಇದೆ. ಆಮೇಲಿನದು ರಿಮೋಟ್ ಹಿಡಿದವರ ದರ್ಬಾರು.

ಅವತ್ತು ಗೇಟು ತೆಗೆದ ಸೆಕ್ಯುರಿಟಿ ಹುಡುಗನೂ ಟೋಪಿ, ಟೈ, ದಪ್ಪ ಬಟ್ಟೆಯ ತುಂಬುತೋಳಿನ ಯೂನಿಫಾರ್ಮು, ಬೂಟು ಹಾಕಿಕೊಂಡು ಅದೇ ಬಿಸಿಲಲ್ಲಿದ್ದ. ನಾವು ಒಳಗೆ ಹೋದೆವು. ಅವನು ಅಲ್ಲೇ ಉಳಿದ. ಅವನನ್ನು ನೋಡಿ ಯಾರೂ ನಕ್ಕಿರಲಿಲ್ಲ.

ರಿಮೋಟ್ ಇಟ್ಟುಕೊಂಡ ಮಹನೀಯರೇ, ದಯವಿಟ್ಟು 24ಕ್ಕೆ ಏರಿಸಿ. ಉಳಿದ ಕರೆಂಟ್ ಬಿಲ್ಲಿನಲ್ಲಿ ಆ ಹುಡುಗನಿಗೆ ಅರ್ಧ ತೋಳಿನ ಎರಡು ಕಾಟನ್ ಅಂಗಿ ಹೊಲಿಸಿಕೊಡಿ.