ಫೆಲೂದಾ ಭದ್ರಾವತಿಗೆ ಬಾರದ ಪ್ರಕರಣ

ಬಂಗಾಳಿ ಮಕ್ಕಳ ಪತ್ತೇದಾರಿ ಕಥೆಗಳಲ್ಲಿ ಅಪರಾಧಕ್ಕಿರುವ ಜಾಗ ಊಟದೆಲೆಯಲ್ಲಿ ಉಪ್ಪಿನಕಾಯಿಗೆ ಇರುವಷ್ಟು. ಉಳಿದ ಎಲೆಯನ್ನೆಲ್ಲ ರೈಲು, ಚಹಾ, ಹರಟೆಗಳೇ ತುಂಬಿಕೊಂಡಿರುತ್ತವೆ. ಹೇಮೇಂದ್ರ ಕುಮಾರ್ ರಾಯ್ ಬರೆದ ಜಯಂತ–ಮಾಣಿಕ್ ಕಥೆಗಳಲ್ಲೂ ಪೊಲೀಸ್ ಅಧಿಕಾರಿ ಸುಂದರಬಾಬುವಿಗೆ ಹಂತಕನಿಗಿಂತ ತಿಂಡಿಯ ಸುಳಿವು ಬೇಗ ಸಿಗುತ್ತದೆ.

ಈ ಪರಂಪರೆಯ ದೊಡ್ಡ ಹೆಸರು ಫೆಲೂದಾ, ಅಂದರೆ ಪ್ರದೋಷ್ ಚಂದ್ರ ಮಿತ್ರ. ಉಪೇಂದ್ರಕಿಶೋರ್ ರಾಯ್ ಚೌಧುರಿ 1913ರಲ್ಲಿ ಹುಟ್ಟುಹಾಕಿದ ಮಕ್ಕಳ ಪತ್ರಿಕೆ 'ಸಂದೇಶ್' ನಿಂತುಹೋಗಿತ್ತು. ಮೊಮ್ಮಗ ಸತ್ಯಜಿತ್ ರಾಯ್ 1961ರಲ್ಲಿ ಅದನ್ನು ಮತ್ತೆ ಹೊರಡಿಸಿದರು. ಪತ್ರಿಕೆ ನಡೆಸುವವನಿಗೆ ಪುಟ ತುಂಬಿಸುವ ಕಷ್ಟ ಇದ್ದೇ ಇರುತ್ತದೆ. 1965ರಲ್ಲಿ ಫೆಲೂದಾ ಅದೇ ಪತ್ರಿಕೆಯಲ್ಲಿ ಕಾಣಿಸಿಕೊಂಡ. ಕಥೆ ಹೇಳುವವನು ಚಿಕ್ಕಪ್ಪನ ಮಗ ತೋಪ್ಶೆ. 'ಸೋನಾರ್ ಕೆಲ್ಲಾ' ಕಥೆಯಲ್ಲಿ ಕಾನ್ಪುರದಲ್ಲಿ ರೈಲು ಹತ್ತುವ ಲಾಲ್‌ಮೋಹನ್ ಗಂಗೂಲಿ ಮುಂದೆ ಆ ಇಬ್ಬರನ್ನು ಬಿಟ್ಟಿಳಿಯುವುದೇ ಇಲ್ಲ. 'ಜಟಾಯು' ಎಂಬ ಹೆಸರಿನಲ್ಲಿ ರೋಚಕ ಕಾದಂಬರಿ ಬರೆಯುವ ಈ ಮಹಾಶಯರ ಕಥೆಯ ಒಂಟೆ ಹೊಟ್ಟೆಯಲ್ಲಿ ನೀರು ತುಂಬಿಟ್ಟುಕೊಳ್ಳುತ್ತದೆ. ಅದನ್ನು ಫೆಲೂದಾ ತಿದ್ದಬೇಕಾಗುತ್ತದೆ. ಸತ್ಯ ಹೇಳಬೇಕೆಂದರೆ, ಕಳ್ಳ ಸಿಕ್ಕಿದನೋ ಇಲ್ಲವೋ ಎಂಬುದಕ್ಕಿಂತ ಲಾಲ್‌ಮೋಹನ್ ಬಾಬು ಮುಂದೆ ಏನು ಎಡವಟ್ಟು ಮಾಡುತ್ತಾರೆ ಎಂಬ ಕುತೂಹಲವೇ ಪುಟ ತಿರುಗಿಸುತ್ತದೆ.

ಶಿವಮೊಗ್ಗದ ಓದುಗನಿಗೆ ಈ ಸುಖ ಹೊಂದುವುದು ಮಳೆಗಾಲದಲ್ಲಿ. ಶಾಲೆಗೆ ಮಳೆ ರಜೆ, ಕೈಯಲ್ಲಿ ಗೋಪಾ ಮಜುಂದಾರ್ ಅವರ ಇಂಗ್ಲಿಷ್ ಅನುವಾದ, ಫೆಲೂದಾನ ದಾಲ್‌ಮೂಟ್‌ಗೆ ಬದಲು ಖಾರ ಮಂಡಕ್ಕಿ ಇದ್ದರೆ ಸಾಕು. ಒಂದೇ ಕೊರತೆಯೆಂದರೆ ಕದ್ದು ಓದುವ ರೋಮಾಂಚನ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಸಮಾಜ ಪುಸ್ತಕದೊಳಗೆ ಬಚ್ಚಿಟ್ಟು ಓದಿದ ತಲೆಮಾರಿಗೆ ಅದು ಬೇಕಾದಷ್ಟಿತ್ತು. ಫೆಲೂದಾನ ಲೋಕದಲ್ಲಿ ಪ್ರೇಮದ ಸುಳಿವೇ ಇಲ್ಲದ್ದರಿಂದ ಹಿರಿಯರೇ ಕರೆದು ಕೊಡುತ್ತಾರೆ. ಹಿರಿಯರು ಕೊಟ್ಟ ಪುಸ್ತಕವನ್ನು ಹಠ ಹಿಡಿದು ಓದದಿರುವ ಮಕ್ಕಳೂ ಇದ್ದಾರೆ, ನಷ್ಟ ಅವರದೇ.

ಫೆಲೂದಾ ಜೈಸಲ್ಮೇರ್, ಕಾಶಿ, ಗ್ಯಾಂಗ್ಟಾಕ್, ಎಲ್ಲೋರಾ, ಕಠ್ಮಂಡುಗಳನ್ನು ಸುತ್ತಿದರೂ ಶಿವಮೊಗ್ಗಕ್ಕೆ ಬರಲಿಲ್ಲ. ಬಂದಿದ್ದರೆ ಕೆಲಸವೂ ಇರುತ್ತಿರಲಿಲ್ಲ. ಅವನ ಕಥೆಗಳಲ್ಲಿ ರೈಲಿನ ಅಪರಿಚಿತ ಸಹಪ್ರಯಾಣಿಕ ಕಥೆ ಮುಗಿಯುವವರೆಗೂ ಅಪರಿಚಿತನಾಗಿರಬಲ್ಲ. ಶಿವಮೊಗ್ಗ ಟೌನಿನಲ್ಲಿ ಹತ್ತಿದವನಿಗೆ ಭದ್ರಾವತಿ ಬರುವುದರೊಳಗೆ "ಯಾವೂರಾಯ್ತು ತಮ್ಮದು? ಯಾರ ಪೈಕಿ?" ಎಂಬ ವಿಚಾರಣೆ ಆಗಿರುತ್ತದೆ, ತರೀಕೆರೆ ದಾಟುವಷ್ಟರಲ್ಲಿ ಸೋದರತ್ತೆಯ ಕಡೆಯಿಂದ ನೆಂಟಸ್ತನ ಹೊರಟಿರುತ್ತದೆ. ಗಡ್ಡ ಅಂಟಿಸಿಕೊಂಡ ಖಳನಾಯಕ ಬೀರೂರು ಜಂಕ್ಷನ್ ಮುಟ್ಟುವ ಮೊದಲೇ ಗಡ್ಡ ಬಿಚ್ಚಿ ಜಾತಕ ಕೊಟ್ಟುಬಿಡಬೇಕು.

ಭದ್ರಾವತಿಯ ಸಂಗತಿ ಇನ್ನೂ ಕಷ್ಟ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಎರಡೂ ಸೇರಿ ಕಟ್ಟಿದ ಕ್ವಾರ್ಟರ್ಸ್ ಊರದು. "ಆ ರಾತ್ರಿ ಎಲ್ಲಿದ್ದಿರಿ?" ಎಂಬ ಪ್ರಶ್ನೆಗೆ ಶಂಕಿತನೇ ಉತ್ತರಿಸಬೇಕಾಗಿಲ್ಲ, ಅವನು ನೈಟ್ ಶಿಫ್ಟ್‌ನಲ್ಲಿದ್ದನೋ ಇಲ್ಲವೋ ಎಂಬುದನ್ನು ಪಕ್ಕದ ಮನೆಯವರು ಹೇಳುತ್ತಾರೆ, ಡಬ್ಬಿಯಲ್ಲಿ ಏನಿತ್ತು ಎಂಬುದರ ಸಮೇತ.

ಬಂಗಾಳಿ ಪತ್ತೇದಾರರಲ್ಲಿ ಇತ್ತ ಬಂದವರು ಸುನೀಲ್ ಗಂಗೋಪಾಧ್ಯಾಯರ ಕಾಕಾಬಾಬು. ಊರುಗೋಲು ಹಿಡಿದ ಈ ಹಿರಿಯರು ಅಣ್ಣನ ಮಗ ಸಂತುವಿನೊಡನೆ 'ವಿಜಯನಗರೇರ್ ಹೀರೆ' ಕಥೆಯಲ್ಲಿ ವಜ್ರದ ಬೆನ್ನುಹತ್ತಿ ಹಂಪಿಗೆ ಬರುತ್ತಾರೆ. ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಕೂಡ್ಲಿಯಲ್ಲಿ ಸೇರಿ ಹಂಪಿಗೇ ಹರಿಯುವುದರಿಂದ ಆ ಕಥೆಯಲ್ಲಿ ತಮ್ಮ ಜಿಲ್ಲೆಗೂ ಪಾಲಿದೆ ಎಂದು ಇಲ್ಲಿಯ ಅಭಿಮಾನಿಗಳು ವಾದಿಸಬಹುದು. ಹಂಪಿ ಕಡೆಯವರು ಒಪ್ಪುವುದು ಅನುಮಾನ.