ಅಪ್‌ಗ್ರೇಡ್ ಮುಗಿದ ಮೇಲಿನ ಕರ್ಮಾಂತರಗಳು

ಲಿನಕ್ಸ್ ಬಳಗದ ಗ್ನೋಮ್ ಡೆಸ್ಕ್‌ಟಾಪನ್ನು ನೆಚ್ಚಿದವರಿಗೆ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿಯ ಹಬ್ಬವೂ, ಎಕ್ಸ್‌ಟೆನ್ಷನ್‌ಗಳ ಸೂತಕವೂ ಒಟ್ಟಿಗೇ ಬರುತ್ತವೆ. ಗ್ನೋಮ್ ತಾನಾಗಿ ಕೊಡಲೊಲ್ಲದ ಸೌಕರ್ಯಗಳನ್ನು ಒದಗಿಸಲು ಹೊರಗಿನ ಉತ್ಸಾಹಿಗಳು ಜಾವಾಸ್ಕ್ರಿಪ್ಟಿನಲ್ಲಿ ಬರೆದ ಈ ಕಿರು ಸೇರ್ಪಡೆಗಳು ಡೆಸ್ಕ್‌ಟಾಪಿನ ಒಳಗೇ ಹೊಕ್ಕು ಕೆಲಸ ಮಾಡುವುದರಿಂದ, ಮನೆಯೊಡೆಯ ಗೋಡೆ ಸರಿಸಿದಾಗಲೆಲ್ಲ ಬಾಡಿಗೆದಾರನ ಮಂಚ ಮುರಿಯುತ್ತದೆ.

ಪ್ರತಿಯೊಂದು ಸೇರ್ಪಡೆಯ ಜೊತೆಗೂ ಮೆಟಾಡೇಟಾ ಎಂಬ ಪುಟ್ಟ ಕಡತವಿದ್ದು, ಆ ಸೇರ್ಪಡೆ ಗ್ನೋಮಿನ ಯಾವ ಯಾವ ಆವೃತ್ತಿಗೆ ಸಲ್ಲುತ್ತದೆಂಬುದನ್ನು ಅದರಲ್ಲಿ ನಮೂದಿಸಲಾಗಿರುತ್ತದೆ. ಹೊಸ ಸಂಖ್ಯೆ ಅಲ್ಲಿಲ್ಲದಿದ್ದರೆ, ಒಳಗಿನ ಕೋಡ್ ಎಷ್ಟೇ ಆರೋಗ್ಯವಾಗಿರಲಿ, ಪ್ರವೇಶವಿಲ್ಲ. ಧೈರ್ಯಸ್ಥರು ಕಡತವನ್ನು ತೆರೆದು, 46ರ ಪಕ್ಕದಲ್ಲಿ ಅಲ್ಪವಿರಾಮವನ್ನೂ 47ನ್ನೂ ತಾವೇ ಸೇರಿಸಿ, ಲಾಗ್‌ಔಟ್ ಆಗಿ ಮರಳಿ ಬರುತ್ತಾರೆ. ಇದು ಫೋರ್ಜರಿಯೇ ಆದರೂ ಎಷ್ಟೋ ಸಲ ಫಲಿಸುತ್ತದೆಂಬುದನ್ನು ಒಪ್ಪಲೇಬೇಕು.

ಆದರೆ 2023ರ ಸೆಪ್ಟೆಂಬರಿನಲ್ಲಿ ಬಂದ ಗ್ನೋಮ್ 45ರ ಮುಂದೆ ಈ ಕೈಚಳಕ ನಡೆಯಲಿಲ್ಲ. ಒಂದು ಕಡತವು ಇನ್ನೊಂದರಿಂದ ಸಾಮಗ್ರಿ ತರಿಸಿಕೊಳ್ಳುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಜಾವಾಸ್ಕ್ರಿಪ್ಟಿನ ಪ್ರಮಾಣಿತ ಮಾಡ್ಯೂಲ್ ಕ್ರಮವನ್ನು ಅದು ಕಡ್ಡಾಯಗೊಳಿಸಿದ್ದರಿಂದ, ತಿದ್ದದೆ ಉಳಿದ ಸೇರ್ಪಡೆಗಳೆಲ್ಲ ಸಾರಾಸಗಟಾಗಿ ಕಣ್ಣುಮುಚ್ಚಿದವು. ಈ ಗ್ನೋಮನ್ನೇ ಹೊತ್ತು ಬಂದ ಉಬುಂಟು 23.10ಕ್ಕೆ ಏರಿದವರಿಗೂ ಇದೇ ಪ್ರಸಾದ.

ಅಪ್‌ಗ್ರೇಡಿನ ನಂತರ ಡೆಸ್ಕ್‌ಟಾಪೇ ಮುಗ್ಗರಿಸತೊಡಗಿದರೆ ಶಾಸ್ತ್ರೋಕ್ತ ಮಾರ್ಗವೆಂದರೆ ಸೇರ್ಪಡೆಗಳನ್ನೆಲ್ಲ ನಿಲ್ಲಿಸಿ ಒಂದೊಂದಾಗಿ ಚಾಲೂ ಮಾಡುತ್ತ ಅಪರಾಧಿಯನ್ನು ಹಿಡಿಯುವುದು. ಹಾಗೆ ಸಿಕ್ಕಿಬೀಳುವುದು ಬಹುಮಟ್ಟಿಗೆ ಗಡಿಯಾರಕ್ಕೆ ಸೆಕೆಂಡು ಸೇರಿಸಲೆಂದು ಹಾಕಿಕೊಂಡ ಯಾವುದೋ ಸೇರ್ಪಡೆ; ಆ ಸೌಲಭ್ಯವೋ ಗ್ನೋಮಿನಲ್ಲಿ ಮೊದಲಿನಿಂದಲೂ ಇತ್ತು.