ಅಂತರ್ಜಲ ಸೇವಕರಾದ ನಮ್ಮ ಕಾಂಟ್ರಾಕ್ಟರ್ ಅವರಿಗೊಂದು ಬಹಿರಂಗ ಪತ್ರ

ಶ್ರೀಯುತ ಕಾಂಟ್ರಾಕ್ಟರ್ ಅವರಿಗೆ,

ಫೋನ್ ಮಾಡಿದಾಗಲೆಲ್ಲ ತಾವು ‘ಸೈಟಲ್ಲಿದ್ದೀನಿ ಸಾರ್, ಸಂಜೆ ಮಾಡ್ತೀನಿ’ ಎನ್ನುತ್ತೀರಿ. ಆ ಸಂಜೆ ಇನ್ನೂ ಆಗಿಲ್ಲವಾದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಮೊದಲಿಗೆ ಅಭಿನಂದನೆ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕುಗಳು ಅತಿಬಳಕೆಯ ಪಟ್ಟಿಯಲ್ಲಿವೆ. ನೆಲಕ್ಕೆ ಇಂಗುವುದಕ್ಕಿಂತ ಎತ್ತುವುದೇ ಹೆಚ್ಚು. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಬರೀ ಧೂಳು ಬರುವುದುಂಟು. ಅಂತರ್ಜಲ ಏರಲಿ ಎಂದು ಸರ್ಕಾರ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ, ಪೈಪಿನಲ್ಲಿ ತಂದು ಈ ಸೀಮೆಯ ಕೆರೆಗಳಿಗೆ ಬಿಡುತ್ತಿದೆ. ತಾವು ಅಷ್ಟೆಲ್ಲ ಕಷ್ಟಪಡಲಿಲ್ಲ. ದೇವನಹಳ್ಳಿಯ ವಿಜಯಪುರ ರಸ್ತೆಯಲ್ಲಿರುವ ನಮ್ಮ ತೋಟದ ಮನೆಯ ಈಜುಕೊಳವನ್ನು ರಿನೋವೇಶನ್ ಮಾಡುತ್ತೇನೆಂದು ಹೇಳಿ, ತಾಲ್ಲೂಕಿಗೇ ದುಬಾರಿಯಾದ ಇಂಗುಗುಂಡಿ ಕಟ್ಟಿಕೊಟ್ಟಿರಿ.

ಕಾಂಪೌಂಡಿನ ಆಚೆಗಿರುವ ಚಕ್ಕೋತದ ಮರವೂ ತಮಗೆ ಋಣಿ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಟ್ಯಾಗ್ ಇದೆ, ಆದರೆ ಕ್ಲೋರಿನ್ ನೀರು ಕುಡಿದು ಬೆಳೆದ ಚಕ್ಕೋತ ಬಹುಶಃ ಇದೊಂದೇ. ಮರದ ಯಜಮಾನರು ಮೊನ್ನೆ ಬಂದು ಕೊಳಕ್ಕೆ ಇಣುಕಿ, ‘ನಮ್ಮಪ್ಪನ ಕಾಲದ ಮಣ್ಣಿನ ಕೆರೆ ಏರೀನೂ ಇಷ್ಟು ಸೋರ್ತಿರಲಿಲ್ಲ ಕಣಪ್ಪಾ’ ಎಂದರು. ಕುಡಿಯೋಕೇ ತತ್ವಾರ ಇರುವ ಕಡೆ ಈಜೋಕೆ ನೀರು ಬೇಕಿತ್ತಾ ಎಂಬುದು ಅವರ ಹಳೆಯ ಪ್ರಶ್ನೆ. ಒಂದು ಸಲ ತುಂಬಿಸಿದರೆ ಅದೇ ನೀರನ್ನು ಫಿಲ್ಟರ್ ಮಾಡಿಕೊಂಡು ವರ್ಷಗಟ್ಟಲೆ ನಡೆಸುತ್ತೇವೆ ಎಂದು ಹೇಳಿಕೊಂಡು ಬಂದಿದ್ದೆ. ನನ್ನ ಹತ್ತಿರ ಇದ್ದ ಆ ಒಂದೇ ಉತ್ತರವನ್ನೂ ತಾವು ಸೋರಿಸಿಬಿಟ್ಟಿರಿ.

ತಮ್ಮ ವಿವರಣೆ ಗೊತ್ತಿದೆ: ‘ಬಿಸಿಲು ಜಾಸ್ತಿ ಸಾರ್, ಆವಿ ಆಗ್ತಿದೆ.’ ನಮ್ಮ ಏಪ್ರಿಲ್ ಬಿಸಿಲಿಗೂ ಒಂದು ಇತಿಮಿತಿ ಇದೆ. ಬಯಲಲ್ಲಿ ನಿಂತ ನೀರನ್ನು ಅದು ದಿನಕ್ಕೆ ಒಂದು ಸೆಂಟಿಮೀಟರ್ ಕುಡಿದರೆ ಹೆಚ್ಚು. ನಮ್ಮಲ್ಲಿ ಇಳಿಯುತ್ತಿರುವುದು ಒಂದೂವರೆ ಇಂಚು. ಅನುಮಾನವಿದ್ದರೆ ಒಂದು ಬಕೆಟ್ ಸಾಕು. ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕೆ ಬರುವಂತೆ ತುಂಬಿ, ಎರಡೂ ಕಡೆ ಗೆರೆ ಎಳೆದು, ಪಂಪ್ ಆಫ್ ಮಾಡಿ ಒಂದು ದಿನ ಬಿಡಬೇಕು. ಎರಡೂ ಸಮನಾಗಿ ಇಳಿದರೆ ಆವಿ. ಕೊಳದ್ದೇ ಹೆಚ್ಚು ಇಳಿದರೆ ಸೋರಿಕೆ. ಸೂರ್ಯನಿಗೆ ಬಕೆಟ್ಟಿನ ಮೇಲೇನೂ ವಿಶೇಷ ಪ್ರೀತಿಯಿಲ್ಲ ತಾನೇ? ಆದರೂ ಬಕೆಟ್ಟಿನೊಳಗಿನ ನೀರು ಗೆರೆಯ ಹತ್ತಿರವೇ ಇತ್ತು, ಹೊರಗಿನದು ಗೆರೆಯ ಕೈ ಬಿಟ್ಟಿತ್ತು. 30 ಅಡಿ ಉದ್ದ, 15 ಅಡಿ ಅಗಲದ ಕೊಳದಲ್ಲಿ ಒಂದಿಂಚು ಎಂದರೆ ಸಾವಿರ ಲೀಟರಿಗೂ ಮೇಲೆ. ದಿನಕ್ಕೆ ಒಂದೂವರೆ ಇಂಚು ಅಂದರೆ ನಾಲ್ಕು ದಿನಕ್ಕೊಂದು 6,000 ಲೀಟರಿನ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ನಾವು ಅವರ ವ್ಯಾಪ್ತಿಗೆ ಬರುವುದಿಲ್ಲ. ಬಂದಿದ್ದರೆ, ಈಜದೆ ಬರೀ ಮಣ್ಣಿಗೆ ಕುಡಿಸಿದವರಿಗೆ ರಿಯಾಯಿತಿ ಉಂಟೇ ಎಂದು ವಿಚಾರಿಸಬಹುದಿತ್ತು.

ಇನ್ನು ಟೈಲ್ಸ್. ಕಳಚಿ ಬಿದ್ದ ಒಂದು ನೀಲಿ ಬಿಲ್ಲೆ ನನ್ನ ಮೇಜಿನ ಮೇಲಿದೆ. ಅದರ ಬೆನ್ನಿಗೆ ಅಂಟಿನ ಐದು ಉಂಡೆಗಳು, ಮೂಲೆಗೊಂದು, ನಡುವೆ ಒಂದು. ಒಂದು ಉಂಡೆಯ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಅಚ್ಚುಕಟ್ಟಾಗಿ ಉಳಿದಿದೆ. ಉಳಿದ ಜಾಗವೆಲ್ಲ ಖಾಲಿ. ನೀರು ಸೇರಿಕೊಳ್ಳಲು ಅಷ್ಟು ವಿಶಾಲವಾದ ಮನೆಯನ್ನು ತಾವು ಇನ್ನಾರಿಗೂ ಕಟ್ಟಿಕೊಟ್ಟಿರಲಾರಿರಿ. ನಾಣ್ಯದಿಂದ ಕುಟ್ಟುತ್ತಾ ಹೋದರೆ ಆಳದ ಕಡೆಯ ಗೋಡೆ ಪೂರ್ತಿ ಟೊಳ್ಳು ಸದ್ದು. ಕೊಟೇಶನ್ನಿನಲ್ಲಿ ಎಪಾಕ್ಸಿ ಗ್ರೌಟ್ ಎಂದಿತ್ತು. ಸಂದಿಗಳಲ್ಲಿದ್ದ ಬಿಳಿಯ ಪದಾರ್ಥ ಉಗುರಿಗೇ ಪುಡಿಯಾಗಿ ಬಂತು. ಹಳೆಯ ಟೈಲ್ಸ್ ಕಿತ್ತು, ವಾಟರ್‌ಪ್ರೂಫಿಂಗ್ ಮಾಡಿ ಆಮೇಲೆ ಹೊಸದು ಎಂಬ ಮಾತಿತ್ತು. ಬಿಲ್ಲೆ ಬಿದ್ದ ಜಾಗದಲ್ಲಿ ನಮ್ಮ ಹಳೆಯ ಟೈಲ್ಸೇ ಕ್ಷೇಮವಾಗಿ ಕೂತು ನಮ್ಮನ್ನು ನೋಡುತ್ತಿವೆ. ಅಂಚಿಗೆ ಇಲ್ಲಿಯದೇ ಸಾದಹಳ್ಳಿ ಕಲ್ಲನ್ನು ಒರಟಾಗಿಯೇ ಹಾಕಿ ಎಂದು ಕೇಳಿದ್ದೆ. ತಾವು ಕನ್ನಡಿಯಂಥ ಪಾಲಿಶ್ ಕಲ್ಲು ಹಾಸಿದಿರಿ. ಒದ್ದೆ ಕಾಲಿನವರು ಮೆಟ್ಟಿಲಿನ ಸಹಾಯವಿಲ್ಲದೆ ನೇರ ನೀರಿಗೇ ತಲುಪುತ್ತಾರೆ.

ತಮ್ಮ ಮೇಸ್ತ್ರಿಯನ್ನು ದೂರಲಾರೆ. ‘ಟೈಲ್ಸ್ ಹಾಕೋ ಮುಂಚೆ ವಾರ ನೀರು ನಿಲ್ಲಿಸಿ ನೋಡೋಣ ಅಂದೆ ಸಾರ್, ಬೇರೆ ಸೈಟ್ ಕಾಯ್ತಿದೆ ಮುಗಿಸು ಅಂದ್ರು’ ಎಂದು ಅವರೇ ಹೇಳಿದರು. ಕೆಲಸ ಬಲ್ಲವನಿಗೆ ಒಂದು ವಾರ ಕೊಡದೆ ಹತ್ತು ವರ್ಷದ ಗ್ಯಾರಂಟಿ ಕೊಡುವ ತಮ್ಮ ಧೈರ್ಯಕ್ಕೆ ಶರಣು.

ಎರಡು ಸಂಗತಿಗಳಲ್ಲಿ ಮಾತ್ರ ನನಗೆ ತಮಾಷೆ ಬರುವುದಿಲ್ಲ. ಐದು ಅಡಿ ಆಳವಿರುವ ಕಡೆ ತಮ್ಮ ಹುಡುಗರು ‘3 ಅಡಿ’ ಎಂಬ ಬಿಲ್ಲೆ ಕೂರಿಸಿದ್ದಾರೆ. ಓದಲು ಬರುವ ಮಗು ಅದನ್ನು ನಂಬುತ್ತದೆ. ನೀರೊಳಗಿನ ಲೈಟುಗಳಿಗೆ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇರಬೇಕಿತ್ತು, ಲೈನಿಗೆ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಆರ್‌ಸಿಸಿಬಿ ಇರಬೇಕಿತ್ತು. ನಮ್ಮ ಎಲೆಕ್ಟ್ರಿಷಿಯನ್ ಡಬ್ಬಿ ಬಿಚ್ಚಿದಾಗ ಎರಡೂ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ವರ್ತೂರಿನ ಅಪಾರ್ಟ್‌ಮೆಂಟೊಂದರ ಈಜುಕೊಳದಲ್ಲಿ ಪುಟ್ಟ ಹುಡುಗಿಯೊಬ್ಬಳು ಜೀವ ಬಿಟ್ಟದ್ದನ್ನೂ, ಆಮೇಲಿನ ಬಂಧನಗಳನ್ನೂ ತಾವು ಪೇಪರಿನಲ್ಲಿ ಓದಿರುತ್ತೀರಿ. ಮೇನ್ ಸ್ವಿಚ್ ತೆಗೆದು ಬೀಗ ಹಾಕಿದ್ದೇನೆ. ಬೇಸಿಗೆ ರಜೆಗೆ ಬಂದ ಮಕ್ಕಳು ನೀರಿನ ಕಡೆ ಸುಳಿಯದಂತೆ ಮನೆಯಲ್ಲಿ ಪಾಳಿ ಹಾಕಿಕೊಂಡು ಕಾಯುತ್ತಿದ್ದೇವೆ.

‘ಎಲ್ಲಿಗೆ ಬೇಕಾದ್ರೂ ಹೋಗಿ ಸಾರ್’ ಎಂದು ತಾವೇ ದಾರಿ ತೋರಿದ್ದರಿಂದ ವಿಚಾರಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷ ಅವಧಿಯಿದೆ. ತಮಗೆ ಸಂದ ಮೊತ್ತ ಐದು ಲಕ್ಷಕ್ಕೂ ಹತ್ತು ಲಕ್ಷಕ್ಕೂ ನಡುವೆ ಇರುವುದರಿಂದ ಶುಲ್ಕ 200 ರೂಪಾಯಿ. ತಮ್ಮ ಕೊಳಕ್ಕೆ ನಾನು ಈವರೆಗೆ ಮಾಡಿದ ಖರ್ಚಿನಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ.

ಉಳಿದ ಹತ್ತು ಪರ್ಸೆಂಟ್ ಬಾಕಿ ಕೇಳಿ ನಿನ್ನೆ ತಾವು ಕಳಿಸಿದ ಮೆಸೇಜ್ ತಲುಪಿತು. ಸೈಟಿನ ಗದ್ದಲದಲ್ಲೂ ಅದಕ್ಕೆ ಬಿಡುವು ಸಿಕ್ಕಿದ್ದು ಸಂತೋಷ. ಕೊಡಲು ಅಡ್ಡಿಯಿಲ್ಲ. ಮೊದಲು ಲೈಟು ಮತ್ತು ಆಳದ ಬಿಲ್ಲೆ ಸರಿಪಡಿಸಿ. ಆಮೇಲೆ ಎರಡು ಪದರ ಟೈಲ್ಸನ್ನೂ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿ, ಹೊಸ ಟೈಲ್ಸ್ ಮುಟ್ಟುವ ಮುಂಚೆ ಏಳು ದಿನ ನೀರು ನಿಲ್ಲಿಸಿ. ಟ್ಯಾಂಕರ್ ಖರ್ಚು ತಮ್ಮದು, ಬಕೆಟ್ ನಮ್ಮದು. ಎರಡು ಗೆರೆಗಳೂ ಸಮ ನಿಂತ ಮೇಲೆ ಕೆಲಸ ಮುಗಿಸಿ ಬಿಲ್ ಕಳಿಸಿ, ಅಂದೇ ಹಣ ಹಾಕುತ್ತೇನೆ.

ಇಂತಿ,
ತಮ್ಮ ಗ್ರಾಹಕ